ಕಡಲತಡಿಯ ಸೈಪ್ರೆಸ್ ಮರಗಳು ಮತ್ತು ಕಪ್ಪು-ಬಿಳುಪಿನ ಛಾಯಾಗ್ರಹಣ

ಸಮುದ್ರತೀರದಲ್ಲಿ ಗಾಳಿಗೆ ಮೈಯೊಡ್ಡಿ ನಿಂತ ಮರವನ್ನು ಕಂಡವರು ಅದು ಗಾಳಿಯ ಭಾರಕ್ಕೆ ಬಾಗಿದೆಯೆಂದೇ ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಬಾಗಿದ್ದಕ್ಕಿಂತ ಹೆಚ್ಚಾಗಿ ಕತ್ತರಿಸಲ್ಪಟ್ಟದ್ದು. ಅಲೆಗಳು ಬಂಡೆಗೆ ಬಡಿದಾಗ ಏಳುವ ತುಂತುರನ್ನು ಗಾಳಿ ಹೊತ್ತು ತಂದು ಮರದ ಕಡಲಮುಖದ ಮೇಲೆ ಎರಚುತ್ತದೆ. ಎಲೆಗಳ ಸೂಕ್ಷ್ಮ ಗಾಯಗಳ ಮೂಲಕ ಒಳಸೇರಿದ ಉಪ್ಪು ಆ ಬದಿಯ ಎಳೆಯ ಚಿಗುರನ್ನೂ ಮೊಗ್ಗನ್ನೂ ಸುಟ್ಟುಬಿಡುತ್ತದೆ. ಮರೆಯಲ್ಲಿರುವ ಬದಿಯ ಮೊಗ್ಗು ಮಾತ್ರ ಬದುಕಿ ಬೆಳೆಯುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ಒಂದೇ ದಿಕ್ಕಿಗೆ ರೆಂಬೆಗಳು ಚಾಚುತ್ತ ಹೋಗಿ, ಮರವು ಓಡುವವನ ಹಿಂದೆ ಹಾರುವ ಶಲ್ಯದಂತೆ ಕಾಣತೊಡಗುತ್ತದೆ. ಇದನ್ನು ಅರಿಯದೆ ಕ್ಯಾಮೆರಾ ಹಿಡಿದವನಿಗೆ ಆ ಮರದ ಆಕಾರ ಕೇವಲ ಒಂದು ವಿಚಿತ್ರವಾಗಿ ಉಳಿಯುತ್ತದೆ. ಅರಿತವನಿಗೆ ಅದು ಹಲವು ದಶಕಗಳ ಗಾಳಿಯ ದಾಖಲೆ.

ಇಂತಹ ಮರಗಳ ಚಿತ್ರಣದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಪಾಯಿಂಟ್ ಲೋಬೋಸ್ ಎಂಬ ಭೂಶಿರಕ್ಕೆ ವಿಶೇಷ ಸ್ಥಾನವಿದೆ. ಮಾಂಟೆರೆ ಸೈಪ್ರೆಸ್ ಎಂಬ ಮರ ನಿಸರ್ಗಸಹಜವಾಗಿ ಬೆಳೆಯುವುದು ಜಗತ್ತಿನಲ್ಲಿ ಎರಡೇ ಕಡೆ: ಒಂದು ಇಲ್ಲಿ, ಇನ್ನೊಂದು ಕಾರ್ಮೆಲ್ ಕೊಲ್ಲಿಯ ಆಚೆಗಿನ ಸೈಪ್ರೆಸ್ ಪಾಯಿಂಟಿನಲ್ಲಿ. ಇದೇ ಮರವನ್ನು ನೆಟ್ಟು ಬೆಳೆಸಿದ ಬೇರೆಡೆಗಳಲ್ಲಿ, ಉದಾಹರಣೆಗೆ ನ್ಯೂಜಿಲೆಂಡಿನಲ್ಲಿಯೂ ನಮ್ಮ ನೆರೆಯ ನೀಲಗಿರಿಯಲ್ಲಿಯೂ, ಅದು ನೆಟ್ಟಗೆ ಎತ್ತರಕ್ಕೆ ಏಳುತ್ತದೆ. ಆದುದರಿಂದ ಆ ವಕ್ರತೆ ಜಾತಿಗುಣವಲ್ಲ, ಸ್ಥಳಗುಣ. ಪಾಯಿಂಟ್ ಲೋಬೋಸಿನ ತೋಪಿನಲ್ಲಿ ವಾಯವ್ಯದ ಗಾಳಿಗೆ ಎದುರಾದ ಅಂಚಿನ ಮರಗಳ ಕಾಂಡಗಳು ದುಂಡಗಿರದೆ ಹಲಗೆಯಂತೆ ಚಪ್ಪಟೆಯಾಗಿ ದಪ್ಪಗಟ್ಟಿವೆ. ಬೇರುಗಳು ಬಂಡೆಯ ಬಿರುಕುಗಳನ್ನು ಬಿಗಿಯಾಗಿ ಹಿಡಿದಿವೆ.

ಎಡ್ವರ್ಡ್ ವೆಸ್ಟನ್ ಈ ಪ್ರದೇಶಕ್ಕೆ ಬಂದು ನೆಲೆಸಿದ್ದು 1929ರಲ್ಲಿ. 1886ರಲ್ಲಿ ಇಲಿನಾಯ್ ರಾಜ್ಯದಲ್ಲಿ ಜನಿಸಿದ ಅವರು ಅಷ್ಟರಲ್ಲಿ ಮೆಕ್ಸಿಕೋದಲ್ಲಿ ಕೆಲವು ವರ್ಷ ಕಳೆದು, ಮಂಜುಮಂಜಾದ ‘ಕಲಾತ್ಮಕ’ ಛಾಯಾಚಿತ್ರಗಳ ಮಾರ್ಗವನ್ನು ಬಿಟ್ಟುಬಿಟ್ಟಿದ್ದರು. ಅವರ ಸಮಕಾಲೀನರೂ ಅನಂತರದವರೂ ಬಂಡೆಯ ತುದಿಯ ಒಂಟಿ ಮರವನ್ನು ಆಕಾಶದ ಹಿನ್ನೆಲೆಯಲ್ಲಿ ವೀರಪುರುಷನಂತೆ ನಿಲ್ಲಿಸಿ ಸೆರೆಹಿಡಿದರು. ಅಂತಹ ಚಿತ್ರ ಪಂಚಾಂಗದ ಗೋಡೆಗೆ ಬೇಗನೆ ಸಲ್ಲುತ್ತದೆ. ವೆಸ್ಟನ್ನರ ದೃಷ್ಟಿ ಬೇರೆಯಾಗಿತ್ತು. ಅವರು ಮರದ ಬುಡಕ್ಕೇ ಹೋದರು. ಬೇರಿನ ಹುರಿ, ಉಪ್ಪುಗಾಳಿಗೆ ಸವೆದು ಬೆಳ್ಳಗಾದ ಒಣಕಾಂಡದ ನಾರು, ಅದರ ಪಕ್ಕದ ಕಲ್ಲು, ಇವಿಷ್ಟೇ ಚೌಕಟ್ಟನ್ನು ತುಂಬಿದವು. ಕಡಲಾಗಲಿ ಆಕಾಶವಾಗಲಿ ಅಲ್ಲಿ ಇಲ್ಲ; ಆದರೂ ನೋಡುವವನಿಗೆ ಗಾಳಿಯ ಇರವು ಸ್ಪಷ್ಟವಾಗುತ್ತದೆ. ಒಂಟಿ ಮರದ ಸಾವಿರಾರು ಚಿತ್ರಗಳಿಗಿಂತ ಈ ಬೇರಿನ ಚಿತ್ರಗಳು ಹೆಚ್ಚು ಕಾಲ ಬಾಳಿರುವುದಕ್ಕೆ ಕಾರಣ ಇದೇ ಎನ್ನಬಹುದು.

ಈ ಆಯ್ಕೆಗೆ ಸಾಧನದ ಮಿತಿಯೂ ಕಾರಣವಾಗಿರಬೇಕು. ಅವರು ಬಳಸುತ್ತಿದ್ದುದು 8 ಇಂಚು ಅಗಲ 10 ಇಂಚು ಉದ್ದದ ಫಿಲ್ಮಿನ ದೊಡ್ಡ ಕ್ಯಾಮೆರಾ. ಚಿತ್ರವನ್ನು ಹಿಗ್ಗಿಸುವ ಪದ್ಧತಿ ಅವರದಲ್ಲ. ನೆಗೆಟಿವನ್ನು ಕಾಗದದ ಮೇಲೆ ನೇರವಾಗಿ ಒತ್ತಿಟ್ಟು ಅದೇ ಅಳತೆಯ ಪ್ರತಿ ತೆಗೆಯುತ್ತಿದ್ದರು. ಇಷ್ಟು ದೊಡ್ಡ ಕ್ಯಾಮೆರಾದಲ್ಲಿ ಹತ್ತಿರದ ಬೇರೂ ದೂರದ ಬಂಡೆಯೂ ಸಮನಾಗಿ ಸ್ಫುಟವಾಗಬೇಕಾದರೆ ಮಸೂರದ ರಂಧ್ರವನ್ನು ಅತ್ಯಂತ ಕಿರಿದು ಮಾಡಬೇಕು. ಎಫ್ 64 ಎಂದರೆ ಮಸೂರದ ನಾಭಿದೂರವನ್ನು 64ರಿಂದ ಭಾಗಿಸಿದಷ್ಟು ವ್ಯಾಸದ ರಂಧ್ರ. 12 ಇಂಚಿನ ಮಸೂರದಲ್ಲಿ ಅದು ಸುಮಾರು 5 ಮಿಲಿಮೀಟರು ಮಾತ್ರ. ಅಷ್ಟು ಸಣ್ಣ ಕಿಂಡಿಯಿಂದ ಸಾಕಷ್ಟು ಬೆಳಕು ಒಳಬರಲು ಸೆಕೆಂಡುಗಳೇ ಬೇಕಾಗುತ್ತವೆ. ಅಷ್ಟರಲ್ಲಿ ಗಾಳಿಗೆ ರೆಂಬೆ ಅಲುಗಿ ಎಲೆಗಳು ಕಲಸಿಹೋಗುತ್ತವೆ. ಅಲುಗದಿರುವುದು ಬೇರು ಮತ್ತು ಕಾಂಡ. ಇದೇ ಅಳತೆಯ ಹೆಸರನ್ನಿಟ್ಟುಕೊಂಡು 1932ರಲ್ಲಿ ವೆಸ್ಟನ್, ಆನ್ಸೆಲ್ ಆಡಮ್ಸ್, ಇಮೊಜೆನ್ ಕನ್ನಿಂಗ್‌ಹ್ಯಾಮ್ ಮೊದಲಾದವರು ಒಂದು ಬಳಗ ಕಟ್ಟಿದರು. ಆ ವರ್ಷದ ನವೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಡಿ ಯಂಗ್ ವಸ್ತುಸಂಗ್ರಹಾಲಯದಲ್ಲಿ ಅವರ ಪ್ರದರ್ಶನ ನಡೆಯಿತು.

ಇನ್ನು ಬಣ್ಣದ ಮಾತು. ಕಪ್ಪು-ಬಿಳುಪು ಚಿತ್ರದಲ್ಲಿ ಬಣ್ಣ ಇಲ್ಲವೆಂಬುದು ಅರ್ಧಸತ್ಯ. ಬಣ್ಣಗಳು ಅಲ್ಲಿ ಬೂದುಬಣ್ಣದ ಮೆಟ್ಟಿಲುಗಳಾಗಿ ಅನುವಾದಗೊಳ್ಳುತ್ತವೆ. ಯಾವ ಬಣ್ಣ ಯಾವ ಮೆಟ್ಟಿಲಿಗೆ ಇಳಿಯಬೇಕೆಂಬುದನ್ನು ಚಿತ್ರಕಾರನೇ ನಿರ್ಧರಿಸಬೇಕು. ಪಾಯಿಂಟ್ ಲೋಬೋಸಿನ ಸೈಪ್ರೆಸ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. ಅವುಗಳ ಒಣರೆಂಬೆಗಳ ಮೇಲೆ ಟ್ರೆಂಟಿಪೋಲಿಯ ಎಂಬ ಪಾಚಿ ಮಖಮಲ್ಲಿನಂತೆ ಹಬ್ಬಿರುತ್ತದೆ. ಪಾಚಿಯೆಂದರೆ ಹಸಿರೆಂದು ಭಾವಿಸುವುದು ವಾಡಿಕೆ. ಇದರದು ಕಿತ್ತಳೆಯ ಬಣ್ಣ. ಗಜ್ಜರಿಗೆ ಬಣ್ಣ ಕೊಡುವ ಕೆರೋಟಿನ್ ಎಂಬ ವಸ್ತುವೇ ಇದಕ್ಕೂ ಕಾರಣ. ಬಣ್ಣದ ಚಿತ್ರದಲ್ಲಿ ಈ ಕಿತ್ತಳೆ ಎಲ್ಲರ ಕಣ್ಣನ್ನೂ ತನ್ನತ್ತ ಎಳೆದು ಮರದ ಆಕಾರವನ್ನೇ ಮರೆಸಿಬಿಡುತ್ತದೆ. ಕಪ್ಪು-ಬಿಳುಪಿನಲ್ಲಿಯಾದರೋ, ಮಸೂರದ ಮುಂದೆ ಕೆಂಪುಗಾಜನ್ನು ಇಟ್ಟರೆ ಪಾಚಿ ಬಿಳುಪಿಗೆ ತಿರುಗಿ, ಹಸಿರೆಲೆ ಕಪ್ಪಾಗಿ, ನೀಲಿ ಆಕಾಶವೂ ಗಾಢವಾಗುತ್ತದೆ. ಹಸಿರುಗಾಜನ್ನು ಇಟ್ಟರೆ ಎಲೆ ತಿಳಿಯಾಗಿ ಪಾಚಿ ಮಂಕಾಗುತ್ತದೆ. ಕೆಂಪಿಗೆ ಕುರುಡಾದ ಹಳೆಯ ಕಾಲದ ಫಿಲ್ಮಿನಲ್ಲಿ ಕಿತ್ತಳೆ ಕಪ್ಪಿನತ್ತ ವಾಲುತ್ತಿತ್ತು. ಮರ ಒಂದೇ, ಚಿತ್ರ ಮೂರು.

ಗಾಜಿನ ಬಳಕೆಗೆ ಬೆಲೆಯೂ ತೆರಬೇಕಾಗುತ್ತದೆ. ಹಳದಿಗಾಜಿಗೆ ಸುಮಾರು 2 ಪಟ್ಟು, ಗಾಢ ಕೆಂಪಿಗೆ ಸುಮಾರು 8 ಪಟ್ಟು ಬೆಳಕು ಹೆಚ್ಚು ಬೇಕು. ಮೊದಲೇ ಗಾಳಿಯ ಕಾಟವಿರುವಲ್ಲಿ ಇದು ಸಣ್ಣ ವಿಷಯವಲ್ಲ. ಮೇಲಾಗಿ ಕೆಂಪುಗಾಜಿನ ಕಪ್ಪು ಆಕಾಶ ಹೊಸಬರನ್ನು ಮರುಳುಮಾಡುವುದುಂಟು. ಮರಕ್ಕಿಂತ ಆಕಾಶವೇ ಮೆರೆಯುವ ಅಂತಹ ಚಿತ್ರಗಳಿಗೆ ಕೊರತೆಯೇನೂ ಇಲ್ಲ. ಆ ತೀರದಲ್ಲಿ ಬೇಸಗೆಯಲ್ಲಿ ಕವಿಯುವ ಮಂಜಿಗೆ ಈ ಯಾವ ಗಾಜೂ ಬೇಡ. ಬೆಳಕು ಎಲ್ಲ ಕಡೆಯಿಂದಲೂ ಮೃದುವಾಗಿ ಬಿದ್ದು, ಗಾಢ ನೆರಳಿನಲ್ಲಿ ಏನೂ ಮುಚ್ಚಿಹೋಗದೆ, ತೊಗಟೆಯ ಒಂದೊಂದು ಎಳೆಯೂ ದಾಖಲಾಗುತ್ತದೆ.

ನಿಲ್ಲುವ ಜಾಗದ ಬಗ್ಗೆಯೂ ಒಂದು ಮಾತು. ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ನಿಂತರೆ ಮಾತ್ರ ಮರದ ಓಟ ಕಾಣುತ್ತದೆ. ಗಾಳಿಯ ದಾರಿಯಲ್ಲೇ ನಿಂತು ನೋಡಿದರೆ ಅದೇ ಮರ ಸಾಮಾನ್ಯ ಪೊದೆಯಂತಿರುತ್ತದೆ. ಕಾರವಾರದ ತೀರದ ಗಾಳಿಮರಗಳ ವಿಷಯದಲ್ಲಿಯೂ ಇದು ಸತ್ಯ. ಆದರೆ ಸೈಪ್ರೆಸ್ಸಿನ ಬಿರುಸಾದ ಎಲೆಯಂತಲ್ಲ, ಗಾಳಿಮರದ ಕೂದಲಿನಂತಹ ಕಡ್ಡಿಗಳು ಸುಳಿಗಾಳಿಗೂ ಅಲುಗುವುದರಿಂದ ಅಲ್ಲಿ ಕಾಯುವ ತಾಳ್ಮೆ ಇನ್ನೂ ಹೆಚ್ಚು ಬೇಕು. ಮಸೂರದ ಮೇಲೆ ಕೂರುವ ಉಪ್ಪನ್ನು ಒಣಬಟ್ಟೆಯಿಂದ ಉಜ್ಜಿದರೆ ಗಾಜು ಗೀರುತ್ತದೆ. ಮೊದಲು ತೇವದಿಂದ ಕರಗಿಸಬೇಕು. ಒಂದು ಕಾಲಕ್ಕೆ ನಮ್ಮ ಛಾಯಾಗ್ರಾಹಕರಿಗೆ ಫಿಲ್ಮೂ ಕಾಗದವೂ ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿಂದ ‘ಇಂದು’ ಎಂಬ ಹೆಸರಿನಲ್ಲಿ ಬರುತ್ತಿದ್ದವು. ಆ ಕಾರ್ಖಾನೆ ಈಗ ಮುಚ್ಚಿದೆ. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿ ಬಣ್ಣದಲ್ಲಿ ತೆಗೆದು ಅನಂತರ ಪರಿವರ್ತಿಸಬಹುದಾದ್ದರಿಂದ ಗಾಜಿನ ಆಯ್ಕೆಯನ್ನು ಮನೆಗೆ ಬಂದ ಮೇಲೂ ಮಾಡಬಹುದು. ನಿಲ್ಲುವ ಜಾಗದ ಆಯ್ಕೆಗೆ ಆ ಸೌಲಭ್ಯವಿಲ್ಲ.

ಪಾಯಿಂಟ್ ಲೋಬೋಸ್ 1933ರಲ್ಲಿ ಸರ್ಕಾರದ ಸಂರಕ್ಷಿತ ಪ್ರದೇಶವಾಯಿತು. ಈಗ ಅಲ್ಲಿ ಗುರುತಿಸಿದ ಹಾದಿಯನ್ನು ಬಿಟ್ಟು ಕಾಲಿಡುವಂತಿಲ್ಲ. ಜನರ ತುಳಿತದಿಂದ ಮಣ್ಣು ಗಟ್ಟಿಯಾಗಿ ಬೇರುಗಳು ನಶಿಸುತ್ತವೆಂಬುದೇ ಇದಕ್ಕೆ ಕಾರಣ. ವೆಸ್ಟನ್ ಮುಕ್ಕಾಲಿಯನ್ನು ಊರಿದ ಜಾಗಗಳೆಲ್ಲ ಇಂದಿನವರಿಗೆ ತೆರೆದಿಲ್ಲ. ಕೊಲ್ಲಿಯ ಆಚೆಗಿನ ಸುಪ್ರಸಿದ್ಧ ‘ಲೋನ್ ಸೈಪ್ರೆಸ್’ ಮರವನ್ನು ದಶಕಗಳಿಂದ ಉಕ್ಕಿನ ಹಗ್ಗಗಳಿಂದ ಬಿಗಿದು ನಿಲ್ಲಿಸಲಾಗಿದೆ. 2019ರ ಫೆಬ್ರವರಿಯ ಬಿರುಗಾಳಿಯಲ್ಲಿ ಅದರ ದೊಡ್ಡ ರೆಂಬೆಯೊಂದು ಮುರಿದುಬಿತ್ತು. ಹಳೆಯ ಚಿತ್ರಗಳಲ್ಲಿನ ಆಕಾರ ಈಗ ಚಿತ್ರಗಳಲ್ಲಿ ಮಾತ್ರ ಇದೆ.

ವೆಸ್ಟನ್ನರು 1937ರಲ್ಲಿ ಗುಗೆನ್‌ಹೈಮ್ ವೇತನ ಪಡೆದ ಮೊದಲ ಛಾಯಾಗ್ರಾಹಕರಾದರು. 1940ರ ದಶಕದಲ್ಲಿ ಕೊಡಕ್ ಸಂಸ್ಥೆಯ ಕೋರಿಕೆಯ ಮೇರೆಗೆ ಇದೇ ತೀರವನ್ನು ಬಣ್ಣದ ಫಿಲ್ಮಿನಲ್ಲಿಯೂ ಹಿಡಿದರು. ಬಣ್ಣ ಮತ್ತು ಕಪ್ಪು-ಬಿಳುಪು ಒಂದಕ್ಕೊಂದು ಪೈಪೋಟಿಯಲ್ಲ, ಅವುಗಳ ಕ್ಷೇತ್ರಗಳೇ ಬೇರೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಅಷ್ಟರಲ್ಲಿ ಪಾರ್ಕಿನ್‌ಸನ್ ರೋಗ ಅವರ ಕೈಗಳನ್ನು ಹಿಡಿದಿತ್ತು. ಭಾರವಾದ ಕ್ಯಾಮೆರಾ ಹೊತ್ತು ಬಂಡೆಗಳ ಮೇಲೆ ನಡೆಯುವುದು ಅಸಾಧ್ಯವಾಗುತ್ತ ಬಂದು, 1948ರಲ್ಲಿ ಪಾಯಿಂಟ್ ಲೋಬೋಸಿನಲ್ಲಿಯೇ ತಮ್ಮ ಕೊನೆಯ ಚಿತ್ರಗಳನ್ನು ತೆಗೆದರು. ಅನಂತರ ಕತ್ತಲಕೋಣೆಯ ಕೆಲಸ ಮಗ ಬ್ರೆಟ್‌ನ ಪಾಲಿಗೆ ಬಂತು. 1950ರ ದಶಕದಲ್ಲಿ ತಂದೆಯ ಮೇಲ್ವಿಚಾರಣೆಯಲ್ಲಿ ಮಗನು ಎಂಟುನೂರಕ್ಕೂ ಹೆಚ್ಚು ನೆಗೆಟಿವ್‌ಗಳಿಂದ ಪ್ರತಿಗಳನ್ನು ಸಿದ್ಧಪಡಿಸಿದನು. ಎಡ್ವರ್ಡ್ ವೆಸ್ಟನ್ 1958ರ ಜನವರಿ 1ರಂದು ತೀರಿಕೊಂಡರು. ಅವರ ಚಿತಾಭಸ್ಮವನ್ನು ಪಾಯಿಂಟ್ ಲೋಬೋಸಿನ ಒಂದು ಸಣ್ಣ ಕಲ್ಲುತೀರದಲ್ಲಿ ಕಡಲಿಗೆ ಬಿಡಲಾಯಿತು. ಆ ತೀರಕ್ಕೆ ಈಗ ಅವರದೇ ಹೆಸರು.