ಅಲಾರ್ಮ್ ಕೂಗಲಿಲ್ಲ ಎಂದರೆ ಎಲ್ಲ ಸರಿಯೇ?

ದೇವಸುಗೂರು ಎಂದರೆ ಭಕ್ತರಿಗೆ ಸೂಗೂರೇಶ್ವರನ ಗುಡಿ, ಉಳಿದ ಕರ್ನಾಟಕಕ್ಕೆ ಪಕ್ಕದ ಶಕ್ತಿನಗರದ ಚಿಮಣಿ. ಕೃಷ್ಣಾ ದಂಡೆಯ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ (ಆರ್‌ಟಿಪಿಎಸ್) 1985ರಲ್ಲಿ ಮೊದಲ ಘಟಕ ಶುರುವಾಯಿತು. ಇಂದು 8 ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಶಾಖೋತ್ಪನ್ನ ಕೇಂದ್ರಗಳಲ್ಲಿ ಬಾಯ್ಲರಿನ ಕೊಳವೆಗೆ ಬೆಸುಗೆ ಹಾಕಿದ ಮೇಲೆ ನೀರು ತುಂಬಿ, ಒತ್ತಡ ಏರಿಸಿ, ಎಲ್ಲಾದರೂ ಸೋರುತ್ತದೆಯೇ ಎಂದು ನೋಡುತ್ತಾರೆ. ಹಾಗೆ ನೋಡುವವನ ಕೆಲಸ ಬೆಸುಗೆಯವನದಕ್ಕಿಂತ ಕಡಿಮೆ ಎಂದು ಅಲ್ಲಿ ಯಾರೂ ಅನ್ನುವುದಿಲ್ಲ. ಆದರೆ ಇದೇ ಜಿಲ್ಲೆಯ ಹುಡುಗರು ಬೆಂಗಳೂರಿಗೋ ಹೈದರಾಬಾದಿಗೋ ರೈಲು ಹತ್ತುವಾಗ ಕೇಳುವ ಬುದ್ಧಿಮಾತು ಬೇರೆ: “ಕೋಡಿಂಗ್ ಬರಂಗಿಲ್ಲಂದ್ರ ಟೆಸ್ಟಿಂಗ್ ಕಲಿ ಬಿಡು.” ಸಾಫ್ಟ್‌ವೇರ್ ಪರೀಕ್ಷೆಯ ಬಗೆಗಿನ ತಪ್ಪು ತಿಳಿವಳಿಕೆ ಶುರುವಾಗುವುದೇ ಇಲ್ಲಿಂದ.

ತಪ್ಪು ಕಲ್ಪನೆ 1: ಟೆಸ್ಟಿಂಗ್ ಎಂದರೆ ಬಟನ್ ಒತ್ತಿ ನೋಡುವುದು

ಸತ್ಯ: ಬಟನ್ ಯಾರು ಬೇಕಾದರೂ ಒತ್ತಬಹುದು. ಏನನ್ನು ತುಂಬಿ ಒತ್ತಬೇಕು ಎಂಬುದರಲ್ಲಿದೆ ವಿದ್ಯೆ.

ಒಂದು ಅರ್ಜಿ ನಮೂನೆಯಲ್ಲಿ ಊರಿನ ಹೆಸರಿಗೆ 20 ಬೈಟ್ ಜಾಗ ಇಟ್ಟಿದ್ದಾರೆ ಅಂದುಕೊಳ್ಳಿ. ಇಂಗ್ಲಿಷಿನಲ್ಲಿ ‘Devasugur’ ಎಂದು ಬರೆದರೆ 9 ಬೈಟ್, ಆರಾಮಾಗಿ ಕೂರುತ್ತದೆ. ಕನ್ನಡದಲ್ಲಿ ಬರೆದರೆ ಕಣ್ಣಿಗೆ ಕಾಣುವುದು 5 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ವ್ಯಂಜನ ಮತ್ತು ಸ್ವರಚಿಹ್ನೆ ಬೇರೆ ಬೇರೆಯಾಗಿ 9 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 27. ಇಪ್ಪತ್ತಕ್ಕೆ ಕತ್ತರಿಸಿದರೆ ‘ದೇವಸುಗ’ ಉಳಿದು, ದೀರ್ಘದ ಕೊಂಬು ನಡುವೆಯೇ ತುಂಡಾಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ‘ದೇ’ಯ ಸ್ವರವನ್ನು ಒಂದೇ ಸಂಕೇತವಾಗಿಯೂ, ‘ೆ’ ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತವಾಗಿಯೂ ಉಳಿಸಬಹುದು. ಕಣ್ಣಿಗೆ ಎರಡೂ ಒಂದೇ. ಎರಡನ್ನೂ ಒಂದು ರೂಪಕ್ಕೆ ತಂದುಕೊಳ್ಳದ ಹುಡುಕಾಟಕ್ಕೆ ಮಾತ್ರ ಅವು ಬೇರೆ ಬೇರೆ ಊರು. ಮೇಲಾಗಿ ‘ದೇವಸೂಗೂರು’ ಎಂದು ಬರೆಯುವವರೂ ಇದ್ದಾರೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕಡತದಿಂದ ನಕಲಿಸಿ ಅಂಟಿಸಿದರೆ ಏನಾಗುತ್ತದೆ ಎಂಬುದು ಮತ್ತೊಂದು ಪ್ರಶ್ನೆ. ಒಂದು ಊರಿನ ಹೆಸರಿನಿಂದ ಇಷ್ಟು ಪರೀಕ್ಷೆಗಳು ಹುಟ್ಟುತ್ತವೆ. ಇವನ್ನು ಹುಟ್ಟಿಸಬಲ್ಲವನೇ ಟೆಸ್ಟರ್, ಮತ್ತು ಅದಕ್ಕೆ ತನ್ನ ಭಾಷೆ, ತನ್ನ ಊರು ಗೊತ್ತಿರುವುದೂ ಬಂಡವಾಳವೇ.

ತಪ್ಪು ಕಲ್ಪನೆ 2: ಬಗ್ ಸಿಗಲಿಲ್ಲ, ಅಂದರೆ ಬಗ್ ಇಲ್ಲ

ಸತ್ಯ: ಪರೀಕ್ಷೆ ದೋಷ ಇದೆ ಎಂದು ತೋರಿಸಬಲ್ಲದು, ಇಲ್ಲ ಎಂದು ಸಾಧಿಸಲಾರದು. ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅರ್ಧ ಶತಮಾನದ ಹಿಂದೆಯೇ ಇದನ್ನು ಹೇಳಿದ್ದರು.

ವಿದ್ಯುತ್ತಿನ ಊರಿನವರಿಗೆ ಚೆನ್ನಾಗಿ ಅರ್ಥವಾಗುವ ಉದಾಹರಣೆ 2003ರ ಆಗಸ್ಟ್ 14ರದು. ಅಮೆರಿಕದ ಓಹಾಯೊದಲ್ಲಿ ಫಸ್ಟ್‌ಎನರ್ಜಿ ಕಂಪನಿಯ ನಿಯಂತ್ರಣ ಕೊಠಡಿಯ ಅಲಾರ್ಮ್ ಸಾಫ್ಟ್‌ವೇರ್ ಮಧ್ಯಾಹ್ನ 2.14ರ ಹೊತ್ತಿಗೆ ಸದ್ದಿಲ್ಲದೆ ನಿಂತುಹೋಯಿತು. ಬಹುಕಾಲ ತೊಂದರೆಯಿಲ್ಲದೆ ನಡೆದಿದ್ದ ವ್ಯವಸ್ಥೆ ಅದು. ಎರಡು ಕೆಲಸಗಳು ಒಂದೇ ಮಾಹಿತಿಗೆ ಒಂದೇ ಕ್ಷಣದಲ್ಲಿ ಕೈಹಾಕಿದಾಗ ಮಾತ್ರ ಎದ್ದು ಬರುವ ದೋಷ ಒಳಗೆ ಕೂತಿತ್ತು. ಹೊರಗೆ ಮರ ತಗುಲಿ ಪ್ರಸರಣ ಮಾರ್ಗಗಳು ಒಂದೊಂದಾಗಿ ಬಿದ್ದವು. ಪಕ್ಕದ ಕಂಪನಿಯವರು ಫೋನ್ ಮಾಡಿ ಎಚ್ಚರಿಸಿದರೂ, ತಮ್ಮಲ್ಲಿ ಅಲಾರ್ಮ್ ಇಲ್ಲವಲ್ಲ ಎಂದು ಆಪರೇಟರುಗಳು ನಂಬಲಿಲ್ಲ. ಸಂಜೆ 4.10ರ ಹೊತ್ತಿಗೆ ಅಮೆರಿಕ ಮತ್ತು ಕೆನಡಾದ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು.

ತಪ್ಪು ಕಲ್ಪನೆ 3: ಹೆಚ್ಚು ಬಗ್ ಹಿಡಿದವನೇ ಒಳ್ಳೆಯ ಟೆಸ್ಟರ್

ಸತ್ಯ: ಮ್ಯಾನೇಜರ್ ಬಗ್ ಎಣಿಸತೊಡಗಿದರೆ ತಂಡ ಬಗ್ ಬೆಳೆಯತೊಡಗುತ್ತದೆ. ಒಂದೇ ದೋಷ ಐದು ವರದಿಯಾಗುತ್ತದೆ, ಡೆವಲಪರ್ “ಇದು ಬಗ್ಗೇ ಅಲ್ಲ” ಎಂದು ಜಗಳಕ್ಕೆ ನಿಲ್ಲುತ್ತಾನೆ.

ತೂಕ ನೋಡಬೇಕಾದ್ದು ವರದಿಯದು. “ಊರಿನ ಹೆಸರು ಸೇವ್ ಆಗ್ತಿಲ್ಲ” ಎಂದರೆ ಯಾರಿಗೂ ಪ್ರಯೋಜನವಿಲ್ಲ. “ಕನ್ನಡದಲ್ಲಿ ‘ದೇವಸುಗೂರು’ ಎಂದು ಬರೆದು ಸೇವ್ ಮಾಡಿ ಮತ್ತೆ ತೆರೆದರೆ ‘ದೇವಸುಗ’ ಮತ್ತು ಒಂದು ಪ್ರಶ್ನೆ ಚಿಹ್ನೆ ಕಾಣುತ್ತದೆ, ಇಂಗ್ಲಿಷಿನಲ್ಲಿ ಸರಿಯಿದೆ, ‘ಮಾನ್ವಿ’ ಎಂದರೂ ಸರಿಯಿದೆ” ಎಂದು ಬರೆದರೆ ಡೆವಲಪರಿಗೆ ಅರ್ಧ ಕೆಲಸ ಮುಗಿದಂತೆ. ‘ಮಾನ್ವಿ’ಗೆ ಬೇಕಾದ್ದು 18 ಬೈಟ್ ಎಂಬುದನ್ನು ಅವನೇ ಲೆಕ್ಕ ಹಾಕಿಕೊಳ್ಳುತ್ತಾನೆ.

ತಪ್ಪು ಕಲ್ಪನೆ 4: ಹಿಂದೆ ಪಾಸಾಗಿದೆ, ಆಟೊಮೇಶನ್ ಇದೆ, ಇನ್ನು ಮನುಷ್ಯ ಯಾಕೆ?

ಸತ್ಯ: ಸ್ಕ್ರಿಪ್ಟ್ ತನಗೆ ಹೇಳಿಕೊಟ್ಟ ಪ್ರಶ್ನೆಯನ್ನಷ್ಟೇ ದಣಿಯದೆ ಕೇಳುತ್ತದೆ. ದಿನಾ ಮಾಡುವ ತಪಾಸಣೆಗೆ ಅದು ಬೇಕೇ ಬೇಕು. ಪರಿಸ್ಥಿತಿ ಬದಲಾದಾಗ ಪ್ರಶ್ನೆಯೂ ಬದಲಾಗಬೇಕು ಎಂಬುದು ಮಾತ್ರ ಅದಕ್ಕೆ ಹೊಳೆಯದು. ಏರಿಯಾನ್ 4 ರಾಕೆಟ್ಟಿನಲ್ಲಿ ಸರಿಯಾಗಿ ನಡೆದಿದ್ದ ಕೋಡನ್ನು ಹೆಚ್ಚು ವೇಗದ ಏರಿಯಾನ್ 5ಕ್ಕೂ ಹಾಗೆಯೇ ಇಟ್ಟರು. ಹೊಸ ಹಾದಿಯ ಲೆಕ್ಕದಲ್ಲಿ ಅದನ್ನು ಪರೀಕ್ಷಿಸಿರಲಿಲ್ಲ. 1996ರ ಜೂನ್ 4ರಂದು ಸಮತಲ ವೇಗಕ್ಕೆ ಸಂಬಂಧಿಸಿದ ಸಂಖ್ಯೆ 16 ಬಿಟ್ ಜಾಗಕ್ಕೆ ಹಿಡಿಸದೆ ಹೋಯಿತು. ಮೇಲೇರಿದ ನಿಮಿಷದೊಳಗೆ ರಾಕೆಟ್ ಸಿಡಿದು ಚೂರಾಯಿತು.

ತಪ್ಪು ಕಲ್ಪನೆ 5: ಗುಣಮಟ್ಟಕ್ಕೆ ಟೆಸ್ಟಿಂಗ್ ಟೀಮೇ ಹೊಣೆ

ಸತ್ಯ: ಟೆಸ್ಟರ್ ಕೋಡ್ ಬರೆದವನಲ್ಲ, ಗಡುವು ಹಾಕಿದವನೂ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಅವನ ಹೊಣೆ. ಬಿಡುಗಡೆ ಮಾಡುವುದೋ ಬಿಡುವುದೋ ಎಂಬ ತೀರ್ಮಾನ ಉತ್ಪನ್ನದ ಹೊಣೆ ಹೊತ್ತವರದು. ನಡುವೆ ನಿಂತ ಟೆಸ್ಟ್ ಮ್ಯಾನೇಜರ್ ಬೆಳಿಗ್ಗೆ ಕೇಳಬೇಕಾದ್ದು “ಎಷ್ಟು ಬಗ್ ಆಯ್ತು?” ಎಂದಲ್ಲ, “ಇನ್ನೂ ಏನನ್ನು ನೋಡಿಲ್ಲ?” ಎಂದು. ಬೇಡಿಕೆ ಬರೆಯುವ ಹೊತ್ತಿಗೇ ಟೆಸ್ಟರನ್ನು ಕೂರಿಸಿಕೊಂಡಿದ್ದರೆ ಆ 20 ಬೈಟಿನ ಮಾತು ಕೋಡ್ ಬರೆಯುವ ಮೊದಲೇ ಬರುತ್ತಿತ್ತು.

ಓಹಾಯೊದ ಆ ಕೊಠಡಿಯಲ್ಲಿ ಪರದೆ ಶಾಂತವಾಗಿತ್ತು, ಫೋನ್ ಮಾತ್ರ ಬೇರೆ ಕಥೆ ಹೇಳುತ್ತಿತ್ತು. ತಂಡದಲ್ಲಿ ಟೆಸ್ಟರ್ ಎಂದರೆ ಆ ಫೋನ್. ಅದನ್ನು ಎತ್ತಿ, ನಂಬಿ, ಎದ್ದು ಹೋಗಿ ನೋಡುವುದು ಮ್ಯಾನೇಜರನ ಕೆಲಸ.