ಹಿರಿಯರಿಗೆ ತುರ್ತು ಕರೆ ಸಾಧನ: ಕೊಳ್ಳುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ನಾಯಂಡಹಳ್ಳಿ, ಪಂತರಪಾಳ್ಯ, ವಿಜಯನಗರ, ಕೆಂಗೇರಿ ಭಾಗದ ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ಮನೆಗಳಲ್ಲಿ ಹಗಲು ಹೊತ್ತಿನ ಸ್ಥಿತಿ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಬೆಳಿಗ್ಗೆ ದಂಪತಿಗಳು ಅಂಗಡಿಗೋ ಕಾರ್ಖಾನೆಗೋ ಹೊರಡುತ್ತಾರೆ; ಮಕ್ಕಳು ಶಾಲೆ ಕಾಲೇಜುಗಳಿಗೆ ತೆರಳುತ್ತಾರೆ; ಎಪ್ಪತ್ತು ದಾಟಿದ ತಂದೆಯೋ ತಾಯಿಯೋ ಸಂಜೆಯವರೆಗೆ ಮನೆಯಲ್ಲಿ ಒಬ್ಬರೇ ಉಳಿಯುತ್ತಾರೆ. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಯವರೆಗೆ ವಿಸ್ತರಣೆಗೊಂಡರೂ, ಮೈಸೂರು ರಸ್ತೆ ಹಾಗೂ ಹೊರವರ್ತುಲ ರಸ್ತೆ ಕೂಡುವ ನಾಯಂಡಹಳ್ಳಿ ಜಂಕ್ಷನ್ನನ್ನು ದಟ್ಟಣೆಯ ವೇಳೆಯಲ್ಲಿ ವಾಹನದಲ್ಲಿ ದಾಟುವುದು ಸುಲಭವಲ್ಲ. ಇಂತಹ ಮನೆಗಳಿಗಾಗಿ ಕೊರಳಿಗೆ ಅಥವಾ ಮಣಿಕಟ್ಟಿಗೆ ಧರಿಸುವ ತುರ್ತು ಕರೆ ಸಾಧನಗಳು ಮಾರುಕಟ್ಟೆಯಲ್ಲಿ ದೊರೆಯುತ್ತಿವೆ. ಗುಂಡಿ ಒತ್ತಿದರೆ ಸಹಾಯ ಒದಗುತ್ತದೆ ಎಂಬುದು ಮಾರಾಟಗಾರರ ಭರವಸೆ. ಆ ಸಹಾಯವನ್ನು ತರುವವರು ಯಾರು ಎಂಬ ಪ್ರಶ್ನೆಯನ್ನು ಗ್ರಾಹಕರೇ ಕೇಳಬೇಕಾಗುತ್ತದೆ.

ವೇಳೆಯ ಮಹತ್ವ

ವಯಸ್ಸಾದವರು ಬಿದ್ದಾಗ ಆಗುವ ಪೆಟ್ಟಿನಷ್ಟೇ ಅಪಾಯಕಾರಿಯಾದುದು ಏಳಲಾಗದೆ ನೆಲದ ಮೇಲೆ ಕಳೆಯುವ ವೇಳೆ. ಬಹಳ ಹೊತ್ತು ಒಂದೇ ಮಗ್ಗುಲಿನಲ್ಲಿ ಬಿದ್ದಿದ್ದರೆ ಸ್ನಾಯುಗಳು ಜಖಂಗೊಂಡು ಮೂತ್ರಪಿಂಡಗಳಿಗೆ ತೊಂದರೆಯಾಗಬಹುದು; ದೇಹದ ನೀರಿನಂಶ ಕುಗ್ಗುವುದು, ನ್ಯುಮೋನಿಯ, ಒತ್ತುಹುಣ್ಣು ಮುಂತಾದವು ಅನುಸರಿಸಬಹುದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 90 ವರ್ಷ ಮೀರಿದವರನ್ನು ಒಂದು ವರ್ಷ ಗಮನಿಸಿ ನಡೆಸಿದ ಅಧ್ಯಯನವೊಂದು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಬಿದ್ದ 66 ಮಂದಿಯಲ್ಲಿ 53 ಮಂದಿ ಒಮ್ಮೆಯಾದರೂ ತಾವಾಗಿ ಏಳಲಾರದೆ ಹೋದರು. 20 ಮಂದಿ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ನೆಲದ ಮೇಲೆಯೇ ಇದ್ದರು. ಕರೆ ಸಾಧನಗಳು ಬಹುಮಂದಿಗೆ ಲಭ್ಯವಿದ್ದವು. ಆದರೆ ದೀರ್ಘಕಾಲ ಬಿದ್ದಿದ್ದ ಹೆಚ್ಚಿನ ಪ್ರಸಂಗಗಳಲ್ಲಿ ಅವುಗಳ ಬಳಕೆಯೇ ಆಗಿರಲಿಲ್ಲ. ಸಾಧನವನ್ನು ಕೊಂಡಮಾತ್ರಕ್ಕೆ ರಕ್ಷಣೆ ದೊರೆತಂತಾಗುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕರೆ ಯಾರಿಗೆ ಹೋಗುತ್ತದೆ?

ಈ ಸಾಧನಗಳು 1970ರ ದಶಕದಲ್ಲಿ ಜರ್ಮನಿ ಹಾಗೂ ಅಮೆರಿಕಗಳಲ್ಲಿ ರೂಪುಗೊಂಡಾಗ ಗುಂಡಿಯ ಹಿಂದೆ ಒಂದು ಸೇವಾ ಕೇಂದ್ರವಿತ್ತು. ಅಲ್ಲಿನ ಸಿಬ್ಬಂದಿ ಕರೆ ಸ್ವೀಕರಿಸಿ, ಮಾತನಾಡಿಸಿ, ನೆರೆಯವರನ್ನೋ ಆಂಬುಲೆನ್ಸನ್ನೋ ಕಳುಹಿಸುತ್ತಿದ್ದರು. ಇಂದು ನಮ್ಮಲ್ಲಿ ಮಾರಾಟವಾಗುವ ಸಾಧನಗಳು ಎರಡು ಬಗೆಯವು. ಮೊದಲನೆಯ ಬಗೆಯಲ್ಲಿ ಸಾಧನವು ಮೊದಲೇ ನಮೂದಿಸಿದ ಕೆಲವು ದೂರವಾಣಿ ಸಂಖ್ಯೆಗಳಿಗೆ ತಾನೇ ಕರೆ ಮಾಡುತ್ತದೆ, ತಿಂಗಳ ಶುಲ್ಕವಿರುವುದಿಲ್ಲ. ಎರಡನೆಯದರಲ್ಲಿ ವರ್ಷದ ಚಂದಾ ಪಡೆದು ಸೇವಾ ಕೇಂದ್ರವೊಂದು ಕರೆಗೆ ಉತ್ತರಿಸುತ್ತದೆ.

ಮೊದಲನೆಯ ಬಗೆಯನ್ನು ಆರಿಸುವವರು ಸಂಖ್ಯೆಗಳ ಕ್ರಮವನ್ನು ಎಚ್ಚರದಿಂದ ನಿರ್ಧರಿಸಬೇಕು. ಪ್ರೆಸ್, ಲೇತ್ ಅಥವಾ ಪ್ಲಾಸ್ಟಿಕ್ ಮರುಬಳಕೆಯ ಯಂತ್ರಗಳ ಸದ್ದಿನಲ್ಲಿ ಮಾಲೀಕರ ಜೇಬಿನಲ್ಲಿರುವ ಮೊಬೈಲ್ ಕೇಳಿಸದು. ಮನೆಯಿಂದ ಐದು ನಿಮಿಷದಲ್ಲಿ ನಡೆದುಬರಬಲ್ಲ ನೆರೆಯವರ ಸಂಖ್ಯೆ ಮೊದಲು, ಕಾರ್ಖಾನೆಯ ಕಚೇರಿ ಅಥವಾ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿಯ ದೂರವಾಣಿ ಎರಡನೆಯದು, ಮಾಲೀಕರದು ಮೂರನೆಯದು ಎಂಬ ಕ್ರಮ ಲೇಸು. ಸಾಧನದ ಸಿಮ್ ಸಂಖ್ಯೆಯನ್ನು ಇವರೆಲ್ಲರೂ ಹೆಸರು ಸಹಿತ ಉಳಿಸಿಕೊಂಡಿರಬೇಕು. ಇಲ್ಲದಿದ್ದಲ್ಲಿ ಅಪರಿಚಿತ ಕರೆಯೆಂದು ಕಡಿತಗೊಳಿಸುವ ಸಂಭವವಿದೆ.

ಎರಡನೆಯ ಬಗೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಕೇಂದ್ರವು ದಿನದ 24 ಗಂಟೆಯೂ ಕೆಲಸ ಮಾಡುತ್ತದೆಯೇ? ರಾತ್ರಿ ಎರಡು ಗಂಟೆಗೆ ಕನ್ನಡದಲ್ಲಿ, ಅಥವಾ ಹಿರಿಯರ ಮನೆಮಾತಿನಲ್ಲಿ, ಉತ್ತರಿಸುವವರಿದ್ದಾರೆಯೇ? ಆಂಬುಲೆನ್ಸ್ ಕೇಂದ್ರದ್ದೇ, ಇಲ್ಲವೇ ಅವರೂ 108ಕ್ಕೇ ಕರೆ ಮಾಡುವರೇ? ಹಿರಿಯರು ಮಾತನಾಡದಿದ್ದರೆ ಅವರ ಕ್ರಮವೇನು? ಉತ್ತರಗಳನ್ನು ಲಿಖಿತವಾಗಿ ಪಡೆಯುವುದು ಒಳಿತು. ವಿದೇಶದಲ್ಲಿರುವ ಮಕ್ಕಳು ಕಳುಹಿಸುವ ಸಾಧನಗಳು ಬಹುಪಾಲು ಆ ದೇಶದ ದೂರವಾಣಿ ಜಾಲಕ್ಕೂ ಸೇವಾ ಕೇಂದ್ರಕ್ಕೂ ಹೊಂದಿಕೊಂಡಿರುವುದರಿಂದ ಇಲ್ಲಿ ಉಪಯೋಗಕ್ಕೆ ಬಾರದಿರಬಹುದು.

ಸಾರ್ವಜನಿಕ ಸೇವೆಗಳ ಪರಿಮಿತಿಯನ್ನೂ ತಿಳಿದಿರಬೇಕು. 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಆರಂಭವಾದ 108 ಆರೋಗ್ಯ ಕವಚ ಸೇವೆಯ ಆಂಬುಲೆನ್ಸ್ ಉಚಿತ. 112 ಎಲ್ಲ ಬಗೆಯ ತುರ್ತಿಗೂ ಮೀಸಲಾದ ಸಂಖ್ಯೆ. 2017ರಿಂದ ದೇಶದಲ್ಲಿ ಮಾರಾಟವಾಗುವ ಮೊಬೈಲ್‌ಗಳಲ್ಲಿ ತುರ್ತು ಗುಂಡಿ ಕಡ್ಡಾಯವಾಗಿದ್ದು, ಸಾಧಾರಣ ಫೋನಿನಲ್ಲಿ 5 ಅಥವಾ 9ನ್ನು ಒತ್ತಿಹಿಡಿದರೆ 112ಕ್ಕೆ ಕರೆ ಹೋಗುತ್ತದೆ. ನಗರ ಪೊಲೀಸರು ಹಾಗೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಆರಂಭಿಸಿದ ಹಿರಿಯರ ಸಹಾಯವಾಣಿ 1090, ಹಾಗೂ 2021ರ ರಾಷ್ಟ್ರೀಯ ಸಹಾಯವಾಣಿ 14567 ಇವು ಸಲಹೆ, ಕಿರುಕುಳದ ದೂರು ಮೊದಲಾದವುಗಳಿಗೆ ಉಪಯುಕ್ತ, ಆಂಬುಲೆನ್ಸಿಗೆ ಬದಲಿಯಲ್ಲ.

ಸಾಧನದ ಆಯ್ಕೆ

1. ಸಂಪರ್ಕ: ವೈಫೈ ಆಧಾರಿತ ಸಾಧನವು ವಿದ್ಯುತ್ ಹೋದಾಗ ರೂಟರ್‌ನೊಂದಿಗೆ ನಿಂತುಹೋಗುತ್ತದೆ, ರೂಟರಿಗೆ ಯುಪಿಎಸ್ ಅಗತ್ಯ. ಸಿಮ್ ಆಧಾರಿತವಾದರೆ ಅದು 2ಜಿ ಮಾತ್ರವೋ, 4ಜಿಯೂ ಉಂಟೋ ವಿಚಾರಿಸಬೇಕು. ಜಿಯೋ ಜಾಲದಲ್ಲಿ 2ಜಿ ಇಲ್ಲ. ಬಚ್ಚಲುಮನೆಯಲ್ಲಿ, ಮೆಟ್ಟಿಲಿನ ಕೆಳಗೆ ಸಿಗ್ನಲ್ ದೊರೆಯುವುದೇ ಎಂದು ಮನೆಯಲ್ಲೇ ಪರೀಕ್ಷಿಸತಕ್ಕದ್ದು.

2. ನೀರಿನಿಂದ ರಕ್ಷಣೆ: ಸ್ನಾನಕ್ಕೆ ಹೋಗುವಾಗ ಕಳಚಿಡಬೇಕಾದ ಸಾಧನವು ಜಾರಿ ಬೀಳುವ ಜಾಗದಲ್ಲೇ ಜೊತೆಗಿರುವುದಿಲ್ಲ. ಐಪಿ67 ದರ್ಜೆಯೆಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯಬಲ್ಲದ್ದು; ಅದಕ್ಕಿಂತ ಕಡಿಮೆ ದರ್ಜೆ ಬೇಡ.

3. ಬೀಳುವಿಕೆಯ ತಾನಾದ ಪತ್ತೆ: ಥಟ್ಟನೆ ಬಿದ್ದುದನ್ನು ಇದು ಗುರುತಿಸಬಲ್ಲದು, ಕುರ್ಚಿಯಿಂದ ಮೆಲ್ಲನೆ ಜಾರಿದ್ದನ್ನು ಗುರುತಿಸದಿರಬಹುದು. ಕೈ ಬಡಿದರೂ ಸುಳ್ಳು ಕರೆ ಹೋಗಬಹುದು. ಗುಂಡಿಗೆ ಇದು ಪೂರಕವೇ ಹೊರತು ಪರ್ಯಾಯವಲ್ಲ.

4. ಬ್ಯಾಟರಿ: ರಾತ್ರಿ ಚಾರ್ಜಿಗೆ ಇಟ್ಟರೆ, ಕತ್ತಲಲ್ಲಿ ಶೌಚಕ್ಕೆ ಏಳುವ ಹೊತ್ತಿಗೆ ಅದು ಮೈಮೇಲಿರುವುದಿಲ್ಲ. ಮನೆಮಂದಿ ಇರುವ ಸಂಜೆಯ ವೇಳೆ ಚಾರ್ಜ್ ಮಾಡಬೇಕು.

5. ಪೇಸ್‌ಮೇಕರ್ ಇರುವವರು: ಎದೆಯ ಮೇಲೆ ತೂಗುವ ಸಾಧನವನ್ನು ಹೃದ್ರೋಗ ತಜ್ಞರ ಸಲಹೆಯಿಲ್ಲದೆ ಬಳಸಬಾರದು.

6. ಮಾನಕ: ಸ್ಮಾರ್ಟ್ ವಾಚ್ ಹಾಗೂ ಚಾರ್ಜರ್‌ಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ನೋಂದಣಿ ಸಂಖ್ಯೆಯಿಲ್ಲದ ಮಾಲನ್ನು ಅಗ್ಗವೆಂದು ಕೊಳ್ಳಬಾರದು.

ಹಿರಿಯರ ಒಪ್ಪಿಗೆ

ಧರಿಸುವವರನ್ನು ಕೇಳದೆ ಕೊಂಡ ಸಾಧನ ಬೀರುವಿನಲ್ಲಿ ಉಳಿಯುತ್ತದೆ. ಮಡಿಯಲ್ಲಿರುವಾಗ ಚರ್ಮದ ಪಟ್ಟಿಯನ್ನು ಕೆಲವರು ಒಪ್ಪರು. ಬಳೆಗಳ ನಡುವೆ ಗಡಿಯಾರದಂತಹ ಸಾಧನ ತೊಡಕಾಗಬಹುದು. ಅಂಥವರಿಗೆ ಕೊರಳ ದಾರವೋ, ಸೊಂಟಕ್ಕೆ ಸಿಕ್ಕಿಸುವ ಬಗೆಯೋ ಹೊಂದುತ್ತದೆ. ಬಚ್ಚಲುಮನೆಯ ಗೋಡೆಯಲ್ಲಿ, ನೆಲದಿಂದ ಒಂದು ಅಡಿ ಎತ್ತರದಲ್ಲಿ ಇನ್ನೊಂದು ಗುಂಡಿಯನ್ನು ಅಳವಡಿಸುವುದು ಉತ್ತಮ. ಬಿದ್ದವರ ಕೈಗೆ ಎಟುಕುವುದು ಆ ಎತ್ತರ. ಮಕ್ಕಳಿಗೆ ತೊಂದರೆಯಾದೀತೆಂದು ಹಿಂಜರಿಯುವವರಿಗೆ, ಸುಮ್ಮನೆ ಒತ್ತಿದರೂ ಯಾರೂ ಆಕ್ಷೇಪಿಸುವುದಿಲ್ಲವೆಂದು ಮೊದಲೇ ತಿಳಿಸಬೇಕು.

ಬಾಗಿಲು ಹಾಗೂ ವಿಳಾಸ

ಒಳಗಿನಿಂದ ಚಿಲಕ ಹಾಕಿದ ಮನೆಗೆ ಬಂದವರು ಹೊರಗೇ ನಿಲ್ಲಬೇಕಾಗುತ್ತದೆ. ಹೊರಗಿನಿಂದಲೂ ಕೀಲಿಯಲ್ಲಿ ತೆರೆಯಬಹುದಾದ ಬೀಗವನ್ನು ಅಳವಡಿಸಿ, ಗ್ರಿಲ್ಲಿನ ಬೀಗದ ಕೈಯನ್ನೂ ಸೇರಿಸಿ ಒಂದು ಜೊತೆಯನ್ನು ನಂಬಿಕಸ್ಥ ನೆರೆಯವರಲ್ಲಿ ಇರಿಸಬೇಕು. ಜಿಪಿಎಸ್ ಕಟ್ಟಡದೊಳಗೆ ನಿಖರವಾಗಿರುವುದಿಲ್ಲ, ಮಹಡಿಯನ್ನಂತೂ ತಿಳಿಸದು. ಮನೆಯ ಸಂಖ್ಯೆ, ಕ್ರಾಸ್, ಮಹಡಿ, ಹತ್ತಿರದ ಗುರುತು, ಮುಖ್ಯರಸ್ತೆಯ ಹಾಗೂ ರೈಲು ಹಳಿಯ ಯಾವ ಬದಿ ಎಂಬ ವಿವರಗಳನ್ನು ಬರೆದು ಸಂಬಂಧಪಟ್ಟ ಎಲ್ಲರಿಗೂ ಕೊಡಬೇಕು. ಹಿರಿಯರ ಕಾಯಿಲೆ, ಔಷಧಿ, ಅಲರ್ಜಿ, ಕರೆದೊಯ್ಯಬೇಕಾದ ಆಸ್ಪತ್ರೆಯ ಹೆಸರುಳ್ಳ ಹಾಳೆಯೊಂದು ಬಾಗಿಲ ಬಳಿ ಇರಲಿ.

ಬಿಲ್ಲು ಹಾಗೂ ಖಾತರಿ

ಸಾಧನವನ್ನು ಸಂಸ್ಥೆಯ ಹೆಸರಿನಲ್ಲಿ ಜಿಎಸ್‌ಟಿ ಬಿಲ್ಲಿಗೆ ಸೇರಿಸುವುದು ಸರಿಯಲ್ಲ. ಸ್ವಂತ ಬಳಕೆಯ ವಸ್ತುವಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಅಲ್ಲದೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಡುವುದರಿಂದ, ಮುಂದೆ ದೂರು ಸಲ್ಲಿಸುವಾಗ ಎದುರು ಪಕ್ಷದವರು ಆ ಬಿಲ್ಲನ್ನೇ ಆಕ್ಷೇಪಣೆಗೆ ಆಧಾರವಾಗಿ ಬಳಸಬಹುದು. ಬಿಲ್ಲು ಮನೆಯವರ ಹೆಸರಿನಲ್ಲಿರಲಿ. ಚಂದಾ ನಿಲ್ಲಿಸಿದರೆ ಸಾಧನ ಉಪಯೋಗಕ್ಕೆ ಉಳಿಯುವುದೇ, ಬ್ಯಾಟರಿ ಬದಲಾವಣೆಯ ದರವೆಷ್ಟು, ಕಂಪನಿ ವ್ಯವಹಾರ ನಿಲ್ಲಿಸಿದರೆ ಮುಂಗಡ ಹಣದ ಗತಿಯೇನು ಎಂಬುದನ್ನು ಯಂತ್ರದ ನಿರ್ವಹಣಾ ಕರಾರಿನಲ್ಲಿ ಕೇಳುವಷ್ಟೇ ನಿಷ್ಠುರವಾಗಿ ಕೇಳಬೇಕು.

ಕೊನೆಯದಾಗಿ, ಹಣ ಪಾವತಿಸುವ ಮೊದಲು ಒಂದು ಪರೀಕ್ಷೆ ಅವಶ್ಯ. ಮನೆಮಂದಿ ಎಲ್ಲರೂ ಕೆಲಸದಲ್ಲಿರುವ ವಾರದ ದಿನ, ಯಾರಿಗೂ ಮುನ್ಸೂಚನೆ ನೀಡದೆ, ಹಿರಿಯರೇ ಬಚ್ಚಲುಮನೆಯಿಂದ ಗುಂಡಿ ಒತ್ತಲಿ. ಒಬ್ಬ ವ್ಯಕ್ತಿ ಬಾಗಿಲು ತೆರೆದು ಒಳಬರಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಟ್ಟುಕೊಳ್ಳಬೇಕು. ಸಾಧನದ ನಿಜವಾದ ಸಾಮರ್ಥ್ಯ ಆ ನಿಮಿಷಗಳ ಲೆಕ್ಕದಲ್ಲಿದೆ. ನಂತರ ಪ್ರತಿ ತಿಂಗಳು, ಬಾಡಿಗೆಯನ್ನೋ ವಿದ್ಯುತ್ ಬಿಲ್ಲನ್ನೋ ಕಟ್ಟುವ ದಿನ, ಸಂಬಂಧಪಟ್ಟವರಿಗೆ ತಿಳಿಸಿಯೇ ಇದೇ ಪರೀಕ್ಷೆಯನ್ನು ನಡೆಸುತ್ತಿದ್ದರೆ ಬ್ಯಾಟರಿಯ ದೋಷ, ಮುಗಿದ ಸಿಮ್ ರೀಚಾರ್ಜ್, ಬದಲಾದ ದೂರವಾಣಿ ಸಂಖ್ಯೆ ಇವೆಲ್ಲ ಅಪಾಯಕ್ಕೆ ಮೊದಲೇ ಗಮನಕ್ಕೆ ಬರುತ್ತವೆ.