ತಂತಿ ಕಡಿದಾಗ ಮೊದಲ ಸರದಿ ಯಾರದು?

ಪ್ರವಾಹ, ಭೂಕಂಪ, ಚಂಡಮಾರುತ ಯಾವುದೇ ಬರಲಿ, ಮೊದಲು ಕೈಕೊಡುವ ಸೌಕರ್ಯಗಳಲ್ಲಿ ದೂರವಾಣಿಯೂ ಒಂದು. ಅದು ಎಲ್ಲರಿಗೂ ಬೇಕಾಗುವುದೂ ಆ ಹೊತ್ತಿನಲ್ಲೇ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರ, ಚನ್ನಪಟ್ಟಣ ಭಾಗದಲ್ಲಿ ಸುರಿದ ಮಳೆಗೆ ಕೆರೆಗಳು ತುಂಬಿ ಹರಿದು ಬೆಂಗಳೂರು–ಮೈಸೂರು ಹೆದ್ದಾರಿಯೇ ಜಲಾವೃತವಾಗಿತ್ತು. ಅಂಥದೊಂದು ರಾತ್ರಿ ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಸಂಪರ್ಕ ಕಡಿದುಹೋಯಿತು ಎಂದು ಊಹಿಸಿಕೊಳ್ಳಿ. ಅಲ್ಲಿ ಪೊಲೀಸ್ ಠಾಣೆಯಿದೆ, ಗ್ರಾಮ ಪಂಚಾಯಿತಿ ಇದೆ, ಸುತ್ತಲೂ ಹಳ್ಳಿಗಳಿವೆ. ದುರಸ್ತಿಗೆ ಹೊರಟ ತಂಡ ಮಾತ್ರ ಒಂದೇ. ಯಾರ ಸಂಪರ್ಕ ಮೊದಲು ಸರಿಯಾಗಬೇಕು?

ಈ ಪ್ರಶ್ನೆಗೆ ಉತ್ತರವನ್ನು ಆ ರಾತ್ರಿ ಹುಡುಕಲಾಗದು. ಮೊದಲೇ ಬರೆದಿಟ್ಟಿರಬೇಕು. ತುರ್ತು ಸಂಪರ್ಕದ ಆದ್ಯತೆ ಎಂಬ ವ್ಯವಸ್ಥೆಯ ಮೂಲ ತತ್ವ ಇಷ್ಟೇ.

ಹಳೆಯ ಪದ್ಧತಿ

ಈ ಸರದಿಯ ಲೆಕ್ಕ ತಂತಿಯಷ್ಟೇ ಹಳೆಯದು. 1865ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ದೇಶಗಳು ಅಂತರರಾಷ್ಟ್ರೀಯ ತಂತಿ ಒಕ್ಕೂಟವನ್ನು ಕಟ್ಟಿದಾಗಲೇ ಸರ್ಕಾರದ ತಂತಿ ಮೊದಲು, ತಂತಿ ಇಲಾಖೆಯ ಸ್ವಂತ ಸಂದೇಶ ಆಮೇಲೆ, ಖಾಸಗಿಯವರದು ಕೊನೆಗೆ ಎಂದು ಒಪ್ಪಿಕೊಂಡಿದ್ದವು. ಭಾರತ 1869ರಿಂದ ಆ ಒಕ್ಕೂಟದ ಸದಸ್ಯ. ಟ್ರಂಕ್ ಕಾಲ್ ಕಾಯ್ದಿರಿಸಿ ಗಂಟೆಗಟ್ಟಲೆ ಕುಳಿತವರಿಗೆ 'ಆರ್ಡಿನರಿ', 'ಅರ್ಜೆಂಟ್', 'ಲೈಟ್ನಿಂಗ್' ಎಂಬ ದರ್ಜೆಗಳು ನೆನಪಿರಬಹುದು. ಹೆಚ್ಚು ದುಡ್ಡು ಕೊಟ್ಟವರ ಕರೆ ಬೇಗ ಸಿಗುತ್ತಿತ್ತು.

ತಂತಿಯ ಕಾಲ 2013ರ ಜುಲೈನಲ್ಲಿ ಮುಗಿಯಿತು. ಸರದಿಯ ಸಮಸ್ಯೆ ಮುಗಿಯಲಿಲ್ಲ.

ಎರಡು ಬಗೆಯ ಆದ್ಯತೆ

ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಮೊದಲನೆಯದು, ಜಾಲ ಕೆಲಸ ಮಾಡುತ್ತಿದೆ, ಆದರೆ ಕರೆಗಳ ನೂಕುನುಗ್ಗಲು. ಒಂದು ಮೊಬೈಲ್ ಗೋಪುರ ಏಕಕಾಲಕ್ಕೆ ನಿಭಾಯಿಸಬಲ್ಲ ಕರೆಗಳಿಗೆ ಮಿತಿಯುಂಟು. ಇದಕ್ಕೆ ಪರಿಹಾರ ಸಿಮ್ ಕಾರ್ಡಿನೊಳಗೇ ಇದೆ. ಪ್ರತಿ ಸಿಮ್‌ಗೂ ಒಂದು ಪ್ರವೇಶ ದರ್ಜೆ ಇರುತ್ತದೆ. ಜನಸಾಮಾನ್ಯರ ಸಿಮ್‌ಗಳು 0ಯಿಂದ 9ರವರೆಗಿನ ಹತ್ತು ದರ್ಜೆಗಳಲ್ಲಿ ಹಂಚಿಹೋಗಿವೆ. ಭದ್ರತಾ ಪಡೆಗಳಿಗೆ 12, ನೀರು, ವಿದ್ಯುತ್ತಿನಂಥ ಸೇವೆಗಳಿಗೆ 13, ತುರ್ತು ಸೇವೆಗಳಿಗೆ 14 ಎಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಗೋಪುರದ ಮೇಲೆ ಹೊರೆ ಮಿತಿಮೀರಿದಾಗ ಸಾಮಾನ್ಯ ದರ್ಜೆಗಳನ್ನು ಸ್ವಲ್ಪ ಹೊತ್ತು ತಡೆದು ವಿಶೇಷ ದರ್ಜೆಗಳಿಗೆ ದಾರಿ ಬಿಡಬಹುದು. ಆಂಬುಲೆನ್ಸಿಗೆ ರಸ್ತೆ ಬಿಟ್ಟುಕೊಟ್ಟಂತೆ. ತುರ್ತು ಕರೆಗಳ ತಡೆಗೆ 10 ಎಂಬ ಬೇರೆಯೇ ದರ್ಜೆಯಿದೆ. ಹೀಗಾಗಿ ಉಳಿದ ಕರೆಗಳು ನಿಂತರೂ 112ಕ್ಕೆ ಹೋಗುವ ಕರೆಯನ್ನು ಉಳಿಸಿಕೊಳ್ಳಲು ಸಾಧ್ಯ.

ಎರಡನೆಯದು, ಜಾಲವೇ ಬಿದ್ದುಹೋದಾಗಿನ ಮಾತು. ಕೇಬಲ್ ಕೊಚ್ಚಿಹೋಗಿದೆ, ಗೋಪುರದ ಬ್ಯಾಟರಿ ಮುಗಿದಿದೆ, ಜನರೇಟರಿಗೆ ಡೀಸೆಲ್ ಒಯ್ಯಲು ರಸ್ತೆಯಿಲ್ಲ. ಆಗ ಎಂಥ ವಿಶೇಷ ಸಿಮ್ ಇದ್ದರೂ ನಿಷ್ಪ್ರಯೋಜಕ. ಬೇಕಾದದ್ದು ದುರಸ್ತಿಯ ಸರದಿಪಟ್ಟಿ. ಅಮೆರಿಕ ಇದಕ್ಕಾಗಿ 1988ರಲ್ಲಿ ಒಂದು ಪದ್ಧತಿ ತಂದಿತು. ಸರ್ಕಾರಿ ಕಚೇರಿ, ಪೊಲೀಸ್, ಆಸ್ಪತ್ರೆ ಮುಂತಾದವು ತಮ್ಮ ಮುಖ್ಯ ಸಂಪರ್ಕಗಳನ್ನು ಮೊದಲೇ ನೋಂದಾಯಿಸಿ 1ರಿಂದ 5ರವರೆಗಿನ ದರ್ಜೆ ಪಡೆಯುತ್ತವೆ. ಅವಘಡದ ನಂತರ ಕಂಪನಿ ಆ ಕ್ರಮದಲ್ಲೇ ದುರಸ್ತಿ ನಡೆಸಬೇಕು. ನೋಂದಾಯಿಸದವರು ಸಾಲಿನ ಕೊನೆಗೆ.

ಕಾನೂನು ಏನನ್ನುತ್ತದೆ?

ಭಾರತದಲ್ಲಿ 1885ರ ಟೆಲಿಗ್ರಾಫ್ ಕಾಯ್ದೆಯ 5ನೇ ಕಲಮು ತುರ್ತು ಸ್ಥಿತಿಯಲ್ಲಿ ತಂತಿ ವ್ಯವಸ್ಥೆಯನ್ನು ವಶಕ್ಕೆ ಪಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಅದರ ಜಾಗಕ್ಕೆ ಬಂದ 2023ರ ದೂರಸಂಪರ್ಕ ಕಾಯ್ದೆಯ 20ನೇ ಕಲಮು 2024ರ ಜೂನ್ 26ರಂದು ಜಾರಿಯಾಯಿತು. ಸಾರ್ವಜನಿಕ ತುರ್ತಿನಲ್ಲಿ ರಕ್ಷಣೆ ಮತ್ತು ಪುನರ್‌ವ್ಯವಸ್ಥೆಗೆ ನಿಯುಕ್ತರಾದವರ ಸಂದೇಶಗಳು ಆದ್ಯತೆಯ ಮೇಲೆ ಸಾಗುವಂತೆ ಏರ್ಪಾಡು ಮಾಡಬಹುದೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಗಮನಿಸಬೇಕಾದ ಮಾತೆಂದರೆ, ಸಂದೇಶಗಳನ್ನು ತಡೆಯುವ, ಸೇವೆಯನ್ನೇ ಸ್ಥಗಿತಗೊಳಿಸುವ ಅಧಿಕಾರವೂ ಇದೇ ಕಲಮಿನಲ್ಲಿದೆ. ಬಾಗಿಲು ತೆರೆಯುವ ಕೀಲಿಯೂ ಮುಚ್ಚುವ ಕೀಲಿಯೂ ಒಂದೇ ಗೊಂಚಲಿನಲ್ಲಿವೆ.

ಸರ್ಕಾರಕ್ಕೇಕೆ ಮೊದಲ ಸರದಿ ಎಂದು ಕೇಳುವವರುಂಟು. ಜಿಲ್ಲಾಧಿಕಾರಿಯ ಒಂದು ಕರೆಯಿಂದ ದೋಣಿ, ಡೀಸೆಲ್, ವೈದ್ಯರು ಹೊರಡುತ್ತಾರೆ. ಅದರ ಫಲ ಸಾವಿರ ಮನೆಗೆ ಮುಟ್ಟುತ್ತದೆ. ಆದ್ಯತೆಯ ಸಮರ್ಥನೆ ಇದೇ ಹೊರತು ಅಧಿಕಾರಿಯ ಅಂತಸ್ತು ಅಲ್ಲ. ಆದರೆ ಸಂಪರ್ಕಕ್ಕೆ ಎರಡು ತುದಿಗಳಿರುತ್ತವೆ. ವಿಧಾನಸೌಧದಿಂದ ಜಿಲ್ಲಾ ಕೇಂದ್ರಕ್ಕೆ ಮಾತು ಸರಾಗವಾಗಿ ಹೋಗಿ, ಅಕ್ಕೂರಿನಲ್ಲಿ ಯಾವ ಕೆರೆ ಏರಿ ಬಿರುಕು ಬಿಟ್ಟಿದೆ ಎಂಬ ಸುದ್ದಿ ಮೇಲೆ ಬಾರದೇ ಹೋದರೆ ಆ ಮಾತಿಗೆ ಅರ್ಥವಿಲ್ಲ. ಸರದಿಪಟ್ಟಿಯಲ್ಲಿ ದೊಡ್ಡ ಕಚೇರಿಗಳ ಜೊತೆಗೆ ಹಳ್ಳಿಯ ಠಾಣೆ, ಪಂಚಾಯಿತಿ, ಆಸ್ಪತ್ರೆಗಳಿಗೂ ಸ್ಥಾನವಿರಬೇಕಾದದ್ದು ಈ ಕಾರಣಕ್ಕೆ.

ಎಲ್ಲ ಕೈಕೊಟ್ಟಾಗ ಉಳಿಯುವುದು ನಿಸ್ತಂತು. ಪೊಲೀಸ್ ವೈರ್‌ಲೆಸ್ ಮೊಬೈಲ್ ಗೋಪುರಗಳನ್ನು ನೆಚ್ಚಿಕೊಂಡಿಲ್ಲ. 2001ರ ಭುಜ್ ಭೂಕಂಪದಲ್ಲಿ ದೂರವಾಣಿ ಸತ್ತಾಗ ಹ್ಯಾಮ್ ರೇಡಿಯೊ ಹವ್ಯಾಸಿಗಳು ಸುದ್ದಿ ಸಾಗಿಸಿದ್ದರು.

ಸಾಮಾನ್ಯರ ಪಾಲಿಗೂ ಒಂದು ಕರ್ತವ್ಯವಿದೆ. ಆಪತ್ತಿನಲ್ಲಿ ಸುಮ್ಮನೆ ಕ್ಷೇಮಸಮಾಚಾರಕ್ಕೆ ಉದ್ದದ ಕರೆ ಮಾಡುವ ಬದಲು ಒಂದು ಸಾಲಿನ ಸಂದೇಶ ಕಳಿಸಿದರೆ ಜಾಲದ ಹೊರೆ ಇಳಿಯುತ್ತದೆ. ಜೀವಕ್ಕೆ ಅಪಾಯವಿದ್ದರೆ 112, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077. ಜೊತೆಗೆ, ಮಳೆಗಾಲಕ್ಕೆ ಮುಂಚೆ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಬೇಕಾದ ಪ್ರಶ್ನೆಯೊಂದಿದೆ: ಸಂಪರ್ಕ ಕಡಿದರೆ ನಮ್ಮೂರಿನ ಸರದಿ ಎಷ್ಟನೆಯದು?